ಮೊಸರಿನಿಂದ ಕ್ಯಾಪ್ಸೂಲಿನವರೆಗೆ: ಪ್ರೋಬಯಾಟಿಕ್ ಕಾನೂನುಗಳ ಕಥೆ

ಹಾಸನದ ಬಳಿಯ ಶಾಂತಿಗ್ರಾಮದ ಮನೆಗಳಲ್ಲಿ ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆ ಮೊಸರು ಸಿದ್ಧ. ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸಿದ ಬ್ಯಾಕ್ಟೀರಿಯಗಳನ್ನು ಯಾರೂ ಎಣಿಸುವುದಿಲ್ಲ. ಆದರೆ ಇವುಗಳ ಬಂಧುಗಳನ್ನೇ ಬಾಟಲಿಯಲ್ಲಿ ತುಂಬಿ, ಆರೋಗ್ಯದ ಹೆಸರಿನಲ್ಲಿ ಮಾರಿದಾಗ ಎರಡು ಪ್ರಶ್ನೆಗಳು ಏಳುತ್ತವೆ. ಇದು ಆಹಾರವೋ, ಔಷಧವೋ? ಗುಣವನ್ನು ಸಾಧಿಸಿ ತೋರಿಸಬೇಕಾದವರು ಯಾರು?

ಮೊಸರಿಗೂ ದೀರ್ಘಾಯುಷ್ಯಕ್ಕೂ ಸಂಬಂಧವಿದೆಯೆಂದು 20ನೆಯ ಶತಮಾನದ ಆರಂಭದಲ್ಲೇ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ಮೆಚ್ನಿಕಾಫ್ ವಾದಿಸಿದ್ದರು. ಜಪಾನಿನಲ್ಲಿ ಶಿರೋಟಾ 1930ರಲ್ಲಿ ಒಂದು ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಬೇರ್ಪಡಿಸಿದರು. 1935ರಲ್ಲಿ ಅದರ ಪೇಯ ಮಾರುಕಟ್ಟೆಗೆ ಬಂತು. ಕಾನೂನು ಬಂದದ್ದು ಬಹಳ ತಡವಾಗಿ. 1991ರಲ್ಲಿ ಜಪಾನ್, ಪುರಾವೆ ನೋಡಿ ಒಂದೊಂದೇ ಉತ್ಪನ್ನಕ್ಕೆ ಒಪ್ಪಿಗೆ ನೀಡುವ ಪದ್ಧತಿ ತಂದಿತು.

ಅಮೆರಿಕ 1994ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಪೂರಕ ಆಹಾರದ ಪರಿಣಾಮವನ್ನು ಮಾರಾಟಕ್ಕೆ ಮುನ್ನ ಸರ್ಕಾರಕ್ಕೆ ಸಾಧಿಸಿ ತೋರಿಸಬೇಕಿಲ್ಲ. 'ಜೀರ್ಣಕ್ರಿಯೆಗೆ ನೆರವು' ಎನ್ನಬಹುದು. 'ಭೇದಿ ಗುಣವಾಗುತ್ತದೆ' ಎಂದರೆ ಅದು ಔಷಧವಾಗುತ್ತದೆ.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆ ಕರೆದ ತಜ್ಞರು ವ್ಯಾಖ್ಯೆ ಕೊಟ್ಟರು. ಅದರ ತಿರುಳು ಮೂರು ಅಂಶಗಳು: ಜೀವಿಗಳು ಸಜೀವವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಆರೋಗ್ಯಕ್ಕೆ ಲಾಭ ತರಬೇಕು. ಯೂರೋಪ್ ಒಕ್ಕೂಟ ಇನ್ನೂ ಕಟ್ಟುನಿಟ್ಟು. 2006ರ ಅದರ ನಿಯಮದಡಿ 'ಪ್ರೋಬಯಾಟಿಕ್' ಎಂಬ ಪದವನ್ನೇ ಆರೋಗ್ಯದ ಹೇಳಿಕೆಯೆಂದು ಪರಿಗಣಿಸಲಾಯಿತು. ಆದರೂ ಇಟಲಿ, ದಿನಕ್ಕೆ 100 ಕೋಟಿ ಸಜೀವ ಕೋಶಗಳಿದ್ದರೆ ಆ ಪದಕ್ಕೆ ಅವಕಾಶ ಕೊಟ್ಟಿದೆ.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಮಾರ್ಗಸೂಚಿ ಪ್ರಕಟಿಸಿದವು. ಕುಲ, ಪ್ರಭೇದ, ತಳಿ, ಸೇವನೆಯ ಪ್ರಮಾಣ, ಶೇಖರಣೆಯ ವಿಧಾನ, ಜೊತೆಗೆ ಬಳಕೆಯ ಅವಧಿ ಮುಗಿಯುವಾಗ ಉಳಿದಿರುವ ಸಜೀವ ಸಂಖ್ಯೆ ಚೀಟಿಯಲ್ಲಿರಬೇಕು ಎಂದವು. ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಗಳು ದಿನಕ್ಕೆ ಕನಿಷ್ಠ 10 ಕೋಟಿ ಎಂದು ಗೊತ್ತುಪಡಿಸಿದವು. ರೋಗ ಚಿಕಿತ್ಸೆಗೆಂದು ಮಾರುವ ಕ್ಯಾಪ್ಸೂಲು ಔಷಧ ಕಾನೂನಿಗೆ ಸೇರುತ್ತದೆ.

'ಅವಧಿ ಮುಗಿಯುವಾಗ' ಎಂಬ ಮಾತು ಏಕೆ ಮುಖ್ಯ? ಒಂದು ಲೆಕ್ಕ ಮಾಡಿ ನೋಡಿ. ತಯಾರಾದ ದಿನ 100 ಕೋಟಿ ಜೀವಿಗಳಿವೆ. ಪ್ರತಿ 4 ತಿಂಗಳಿಗೆ ಹತ್ತನೆಯ ಒಂದು ಭಾಗ ಮಾತ್ರ ಉಳಿಯುತ್ತದೆ ಎಂದಿಟ್ಟುಕೊಳ್ಳಿ. 4 ತಿಂಗಳಿಗೆ 10 ಕೋಟಿ, 8 ತಿಂಗಳಿಗೆ ಕೇವಲ 1 ಕೋಟಿ. ವಿಕಿರಣಶೀಲ ಕ್ಷಯದಲ್ಲಿ ನೀವು ಕಲಿಸುವ ಘಾತೀಯ ಇಳಿಕೆಯೇ ಇದು. ತಯಾರಿಕೆಯ ದಿನದ ಸಂಖ್ಯೆಯನ್ನಷ್ಟೇ ನಂಬಿದ ರೋಗಿ ಹಣ ತೆತ್ತು ಪಡೆಯುವುದು ಬಹುಪಾಲು ಸತ್ತ ಕೋಶಗಳನ್ನು.

ವಿದ್ಯಾರ್ಥಿಗಳಿಗೆ ಇಂಥ ಚೀಟಿಗಳನ್ನು ತರಲು ಹೇಳಿ. ತಳಿಯ ಹೆಸರಿದೆಯೇ? ಸಂಖ್ಯೆ ಯಾವ ದಿನದ್ದು? ಹೇಳಿಕೆ ಆಹಾರದ್ದೋ, ಔಷಧದ್ದೋ? ಈ ಮೂರನ್ನು ಕೇಳಲು ಕಲಿತವರು ಜಾಹೀರಾತಿಗೆ ಸುಲಭವಾಗಿ ಮರುಳಾಗುವುದಿಲ್ಲ.