ಕಪ್ಪು ತೆರೆಯ ಕಂಪ್ಯೂಟರ್ ಮತ್ತು ನಮ್ಮ ಹಳೇ ಲೆಕ್ಕ

ದಲಾಲಿ ಅಂಗಡಿಯಲ್ಲೋ ಸೊಸೈಟಿಯಲ್ಲೋ ಬಿಲ್ಲಿಗೆ ಕಾದು ನಿಂತವರಿಗೆ ಆ ಸದ್ದು ಗೊತ್ತು. ಕರ್ರ್... ಕರ್ರ್... ಅನ್ನುತ್ತಾ, ಎರಡೂ ಅಂಚಿಗೆ ತೂತುಗಳಿರುವ ಉದ್ದನೆ ಕಾಗದ ಪ್ರಿಂಟರಿನಿಂದ ಹೊರಬರುತ್ತದೆ. ಪಕ್ಕದಲ್ಲಿ ಕಪ್ಪು ತೆರೆ, ಅದರ ಮೇಲೆ ಬಿಳಿ ಅಕ್ಷರ. ಮೌಸ್ ಇಲ್ಲ, ಚಿತ್ರಗಳಿಲ್ಲ. ಗುಮಾಸ್ತರು ಕೀಲಿಗಳನ್ನು ಒತ್ತಿಯೇ ಎಲ್ಲ ಕೆಲಸ ಮುಗಿಸುತ್ತಿದ್ದರು. ಆ ಕಪ್ಪು ತೆರೆಯ ಹೆಸರು ಡಾಸ್.

ಡಾಸ್ ಹುಟ್ಟಿದ್ದು ಅಮೆರಿಕದಲ್ಲಿ. ಟಿಮ್ ಪ್ಯಾಟರ್ಸನ್ ಎಂಬ ಎಂಜಿನಿಯರ್ ಬರೆದಿದ್ದ ಸಣ್ಣ ವ್ಯವಸ್ಥೆಯೊಂದನ್ನು ಮೈಕ್ರೋಸಾಫ್ಟ್ ಕಂಪನಿ 1981ರಲ್ಲಿ ಕೊಂಡುಕೊಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಐಬಿಎಂ ಕಂಪನಿಯ ಪಿಸಿ ಅದರೊಂದಿಗೆ ಮಾರುಕಟ್ಟೆಗೆ ಬಂತು. ಡಾಸ್ ಕಾರ್ಯಕ್ರಮಗಳಿಗೆ ಸಿಗುತ್ತಿದ್ದ ಮುಖ್ಯ ನೆನಪಿನ ಜಾಗ 640 ಕೆಬಿ ಮಾತ್ರ. ನಿಮ್ಮ ಕೈಯಲ್ಲಿರುವ ಫೋನು 4 ಜಿಬಿಯದ್ದಾದರೆ, ಅದರ ನೆನಪು ಇದರ 6,500 ಪಟ್ಟಿಗೂ ಹೆಚ್ಚು. ಅಷ್ಟು ಚಿಕ್ಕ ಜಾಗದಲ್ಲೇ ಊರಿನ ಲೆಕ್ಕವೆಲ್ಲ ನಡೆಯುತ್ತಿತ್ತು. ಇವತ್ತಿಗೂ ಕಂಪ್ಯೂಟರಿನಲ್ಲಿ 'ಸಿ ಡ್ರೈವ್' ಇದೆ, 'ಎ' ಮತ್ತು 'ಬಿ' ಯಾಕೆ ಕಾಣುವುದಿಲ್ಲ ಗೊತ್ತೇ? ಆ ಎರಡು ಅಕ್ಷರ ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿ ಹೋಯಿತು, ಅದರ ಜಾಗ ಖಾಲಿ ಉಳಿಯಿತು.

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. ಇವತ್ತು ಅಂಗಡಿ ಅಂಗಡಿಗೂ ಗೊತ್ತಿರುವ ಟ್ಯಾಲಿ, 1986ರಲ್ಲಿ ಶುರುವಾದ ಬೆಂಗಳೂರಿನ ಕಂಪನಿಯದು. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅದನ್ನು ತಾವೇ ಬರೆದರು. ಟ್ಯಾಲಿಯ ಮೊದಮೊದಲ ಆವೃತ್ತಿಗಳು ನಡೆದದ್ದು ಡಾಸ್ ಮೇಲೆಯೇ.

ಆದರೆ ಡಾಸ್‌ಗೆ ಕನ್ನಡ ಬರುತ್ತಿರಲಿಲ್ಲ. ರೈತನ ಹೆಸರು, ಊರು, ಮಾಲು ಎಲ್ಲವೂ ಇಂಗ್ಲಿಷಿನಲ್ಲೇ ಅಚ್ಚಾಗಬೇಕಿತ್ತು. ಕೊಟ್ಟೂರಿನ ರೈತ ತನ್ನ ಹೆಸರಿರುವ ಚೀಟಿಯನ್ನೇ ಬೇರೆಯವರ ಕೈಲಿ ಓದಿಸಿಕೊಳ್ಳಬೇಕು ಅಂದರೆ ಏನು ನ್ಯಾಯ? ಇದಕ್ಕೆ ಪರಿಹಾರ ಹುಡುಕುವ ಕೆಲಸ ಐಐಟಿ ಕಾನ್ಪುರದಲ್ಲಿ ಶುರುವಾಗಿ, ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. 'ಜಿಸ್ಟ್' ಎಂಬ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದರೆ ಡಾಸ್ ತೆರೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅಕ್ಷರಗಳಿಗೆ ಕೊಟ್ಟ ಸಂಖ್ಯೆಗಳ ಪಟ್ಟಿಗೆ 'ಇಸ್ಕಿ' ಎಂದು ಹೆಸರು. 1991ರಲ್ಲಿ ಅದು ಭಾರತದ ಮಾನಕವಾಯಿತು. ಅದೇ ವರ್ಷ ಬಂದ ಯೂನಿಕೋಡ್‌ನಲ್ಲೂ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಈ ಬರಹವನ್ನು ನಿಮ್ಮ ಫೋನಿನಲ್ಲಿ ಕನ್ನಡದಲ್ಲೇ ಓದಲು ಸಾಧ್ಯವಾಗಿರುವುದು ಯೂನಿಕೋಡ್‌ನಿಂದ.

1995ರಲ್ಲಿ ವಿಂಡೋಸ್ 95 ಬಂದ ಮೇಲೆ ಡಾಸ್ ನಿಧಾನಕ್ಕೆ ಮೂಲೆಗೆ ಸರಿಯಿತು. 2000ದ ನಂತರ 'ಭೂಮಿ' ಯೋಜನೆ ಬಂದು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಕನ್ನಡದ ಪಹಣಿ ಕೈಗೆ ಬರತೊಡಗಿತು. ಕಪ್ಪು ತೆರೆ ಹೋಯಿತು ಅಂದುಕೊಂಡೆವು. ಆದರೆ ಆ ಪ್ರಿಂಟರ್ ಮಾತ್ರ ಹಲವು ಕಡೆ ಉಳಿಯಿತು. ಯಾಕೆಂದರೆ ಅದು ಸಣ್ಣ ಸೂಜಿಗಳಿಂದ ರಿಬ್ಬನ್ನಿನ ಮೇಲೆ ಕುಟ್ಟಿ ಅಚ್ಚು ಒತ್ತುತ್ತದೆ. ಕುಟ್ಟುವುದರಿಂದಲೇ ಕೆಳಗಿನ ಕಾರ್ಬನ್ ಪ್ರತಿಗೂ ಅಕ್ಷರ ಇಳಿಯುತ್ತದೆ. ರೈತನಿಗೊಂದು, ಅಂಗಡಿಗೊಂದು, ಕಚೇರಿಗೊಂದು ಪ್ರತಿ ಒಂದೇ ಏಟಿಗೆ ಸಿದ್ಧ. ಲೇಸರ್ ಪ್ರಿಂಟರಿಗೆ ಈ ಕೆಲಸ ಆಗುವುದಿಲ್ಲ.

ಈಗ ನಮ್ಮ ಚಿಂತೆಗೆ ಬರೋಣ. ಹರಪನಹಳ್ಳಿಯವರನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿದರು, ಆಮೇಲೆ ಮತ್ತೆ ಬಳ್ಳಾರಿಗೆ ಬಂದರು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆಯವರಾದರು. ಜಿಲ್ಲೆ ಎಷ್ಟು ಸಲ ಬದಲಾದರೂ ಟ್ರಂಕಿನಲ್ಲಿರುವ ಅಜ್ಜನ ಕಾಲದ ಕಾಗದವನ್ನು ಓದಬಹುದು. ಆದರೆ 1993ರ ಫ್ಲಾಪಿಯನ್ನು ಬರೀ ಕಣ್ಣಿನಿಂದ ಓದಲಾಗದು. ಅದನ್ನು ಓದುವ ಯಂತ್ರ ಬೇಕು, ಆ ಯಂತ್ರದ ಭಾಷೆಯೂ ಬೇಕು. ಸಂಘದ ಷೇರು ಪಟ್ಟಿ, ಶಾಲೆಯ ದಾಖಲೆ, ಸಾಲ ತೀರಿಸಿದ ಲೆಕ್ಕ ಅದರಲ್ಲಿದ್ದರೆ ಅದು ಊರಿನ ಚರಿತ್ರೆ. ಯಂತ್ರ ಗುಜರಿಗೆ ಹೋದರೆ ಚರಿತ್ರೆಯೂ ಕೆಜಿ ಲೆಕ್ಕದಲ್ಲಿ ಹೋಗುತ್ತದೆ.

ಹಳೇ ಯಂತ್ರ ಚಾಲೂ ಮಾಡಿದಾಗ ದಿನಾಂಕ 1980 ಜನವರಿ 1 ಎಂದು ತೋರಿಸಿದರೆ ಗಾಬರಿ ಬೇಡ. ಒಳಗಿನ ಸಣ್ಣ ಬ್ಯಾಟರಿ ಸತ್ತಿದೆ, ಅಷ್ಟೇ. ಡಾಸ್‌ನ ಪಂಚಾಂಗ ಶುರುವಾಗುವುದೇ ಆ ದಿನದಿಂದ. ಮೊದಲು ಅದರಲ್ಲಿರುವ ಕಡತಗಳ ನಕಲು ತೆಗೆಯಿರಿ, ಉಳಿದ ರಿಪೇರಿ ಆಮೇಲೆ. ಹಳೇ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸಬಹುದು. ಮೂರೂವರೆ ಇಂಚಿನ ಫ್ಲಾಪಿ ಓದಲು ಯುಎಸ್‌ಬಿ ಡ್ರೈವ್‌ಗಳಿವೆ. ಡಿಬಿಎಫ್ ಎಂಬ ಹೆಸರಿನಿಂದ ಮುಗಿಯುವ ಲೆಕ್ಕದ ಕಡತಗಳನ್ನು ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ತೆರೆಯುತ್ತದೆ. ಜಿಸ್ಟ್ ಕಾಲದ ಕನ್ನಡ ಕಡತ ಮಾತ್ರ ಚಿತ್ರವಿಚಿತ್ರ ಗುರುತುಗಳಾಗಿ ಕಾಣಬಹುದು. ಅದು ಹಾಳಾಗಿಲ್ಲ, ಯೂನಿಕೋಡ್‌ಗೆ ಬದಲಾಯಿಸಬೇಕಷ್ಟೇ.

ಹೊಸ ಕಂಪ್ಯೂಟರಿನಲ್ಲಿ ಹಳೇ ಕಾರ್ಯಕ್ರಮ ನೇರವಾಗಿ ಓಡುವುದಿಲ್ಲ. 64 ಬಿಟ್ ವಿಂಡೋಸ್ ಅದನ್ನು ಒಪ್ಪುವುದೇ ಇಲ್ಲ. ಡಾಸ್ ನೆಚ್ಚಿಕೊಂಡಿದ್ದ ಬಯೋಸ್ ಕೂಡ ಹೊಸ ಯಂತ್ರಗಳಲ್ಲಿ ಬದಲಾಗಿದೆ. ಆದರೆ ಡಾಸ್‌ಬಾಕ್ಸ್ ಎಂಬ ಉಚಿತ ಸಾಫ್ಟ್‌ವೇರ್, ಹೊಸ ಕಂಪ್ಯೂಟರಿನ ಒಳಗೇ ಹಳೇ ಕಂಪ್ಯೂಟರಿನ ವೇಷ ಹಾಕಿ ಕೂರುತ್ತದೆ. ಆಂಡ್ರಾಯ್ಡ್ ಫೋನಿನಲ್ಲೂ ಅಂಥ ಆ್ಯಪ್‌ಗಳಿವೆ. ಹಳೇ ಯಂತ್ರಕ್ಕೇ ಹೊಸ ಡಾಸ್ ಬೇಕೆಂದರೆ ಫ್ರೀಡಾಸ್ ಇದೆ. ಜಿಮ್ ಹಾಲ್ ಎಂಬ ವಿದ್ಯಾರ್ಥಿ 1994ರಲ್ಲಿ ಶುರು ಮಾಡಿದ ಈ ಕೆಲಸವನ್ನು ಆಸಕ್ತರು ಸೇರಿ ಇವತ್ತಿಗೂ ನಡೆಸುತ್ತಿದ್ದಾರೆ. ಮೈಕ್ರೋಸಾಫ್ಟ್ ಕೂಡ 2024ರಲ್ಲಿ ಡಾಸ್ 4ರ ಮೂಲ ಬರಹವನ್ನು ಎಲ್ಲರಿಗೂ ತೆರೆದಿಟ್ಟಿತು.

ಶಾಸನದ ಕಲ್ಲು ಹೊಲದ ಬದುವಿನಲ್ಲಿ ಬಿದ್ದಿದ್ದರೆ ಊರವರು ಎತ್ತಿ ಗುಡಿಯ ಮುಂದೆ ನಿಲ್ಲಿಸುತ್ತಾರೆ. ನಿಮ್ಮೂರಿನ ಸಂಘದ, ಶಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಡಬ್ಬಿಯೂ ಅಂಥದ್ದೇ ಒಂದು ಕಲ್ಲಿರಬಹುದು. ಗುಜರಿಯವನನ್ನು ಕರೆಯುವ ಮುಂಚೆ, ಅದರೊಳಗೆ ಯಾರ ಹೆಸರುಗಳಿವೆ ಎಂದು ಒಮ್ಮೆ ನೋಡಿಬಿಡೋಣ.