ಊರಿನ ಲೆಕ್ಕದಲ್ಲಿ ನಾವೆಲ್ಲಿ?

ನಿಮ್ಮ ಅಪ್ಪನ ಊರಿನ ಜನಸಂಖ್ಯೆ ಎಷ್ಟು ಅಂತ ಯಾವತ್ತಾದರೂ ಹುಡುಕಿದ್ದೀರಾ? 2011ರ ಜನಗಣತಿಯಲ್ಲಿ ಪ್ರತಿ ಹಳ್ಳಿಗೂ ಒಂದು ಸಾಲು ಇದೆ. ಮನೆಗಳೆಷ್ಟು, ಗಂಡಸರು ಹೆಂಗಸರೆಷ್ಟು, ಓದು ಬಲ್ಲವರೆಷ್ಟು, ಪರಿಶಿಷ್ಟ ಜಾತಿ ಪಂಗಡದವರೆಷ್ಟು, ಕೂಲಿಯವರೆಷ್ಟು, ಎಲ್ಲಾ ಸಿಗುತ್ತೆ. ಮುಸ್ಲಿಮರೆಷ್ಟು ಅನ್ನೋದು ಮಾತ್ರ ಸಿಗೋದಿಲ್ಲ. ಧರ್ಮವಾರು ಲೆಕ್ಕ ಪ್ರಕಟವಾಗುವುದು ಜಿಲ್ಲೆ, ತಾಲ್ಲೂಕು, ಪಟ್ಟಣಗಳಿಗೆ. ಹಳ್ಳಿಯ ಮಟ್ಟಕ್ಕೆ ಅದು ಇಳಿಯುವುದಿಲ್ಲ.

ಹಾಗಂತ ಯಾರೂ ಎಣಿಸಲೇ ಇಲ್ಲ ಅಂತಲ್ಲ. 1948ರಲ್ಲಿ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಮನೆಮನೆ ಲೆಕ್ಕ ಹಿಡಿದರು. ಆ ಊರಿಗೆ ಅವರು ಕೊಟ್ಟ ಹೆಸರು ರಾಮಪುರ. ಒಟ್ಟು ಜನ 1,523. ಅದರಲ್ಲಿ 735 ಜನ ಒಕ್ಕಲಿಗರು, ಅಂದರೆ ಹತ್ತಿರಹತ್ತಿರ ಅರ್ಧ. ಆಮೇಲೆ ಕುರುಬರು. ಮೂರನೆಯ ದೊಡ್ಡ ಗುಂಪು ಮುಸ್ಲಿಮರದು. ಜನಬಲದ ಜೊತೆ ಜಮೀನೂ ಕೈಯಲ್ಲಿದ್ದವರ ಮಾತೇ ಊರಲ್ಲಿ ನಡೆಯುತ್ತೆ ಅನ್ನೋದನ್ನು ಅವರು ಅಲ್ಲಿ ಕಂಡರು. 'ಪ್ರಬಲ ಜಾತಿ' ಎಂಬ ಅವರ ಪ್ರಸಿದ್ಧ ಮಾತು ಬೆಳೆದದ್ದು ಈ ಊರಿನ ಅನುಭವದಿಂದ.

ಆ ಊರಿನ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ನೆನಪನ್ನೇ ನೆಚ್ಚಿಕೊಂಡು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ನನಗೆ ಬಹಳ ಇಷ್ಟವಾದ ಪುಸ್ತಕ. ಆದರೂ ಒಂದು ತಕರಾರು ಇದೆ. ರಾಮಪುರದಲ್ಲಿದ್ದವರು ಯಾರು ಅಂದರೆ, ಹತ್ತೊಂಬತ್ತು ಹಿಂದೂ ಜಾತಿಗಳು 'ಮತ್ತು ಮುಸ್ಲಿಮರು'. ಆ 'ಮತ್ತು' ನೋಡಿ. ಒಂದು ಕಡೆ ಹತ್ತೊಂಬತ್ತು ಹೆಸರು, ಇನ್ನೊಂದು ಕಡೆ ಒಂದೇ ಗಂಟು.

ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಆ ಗಂಟಿನೊಳಗೆ ಏನಿದೆ ಅಂತ ಗೊತ್ತು. ಹತ್ತಿ ಹಿಂಜುವ ಪಿಂಜಾರ, ಅವರನ್ನೇ ಕೆಲವೆಡೆ ನದಾಫ್ ಅಂತಾರೆ, ಹಲವರ ಮನೆಮಾತು ಕನ್ನಡವೇ. ಕಟುಕರು, ಕಲಾಯಿ ಹಾಕುವವರು, ದರ್ಗಾ ನೋಡಿಕೊಳ್ಳುವವರು. ಸೈಯದರ ಮನೆಯವರು ಪಿಂಜಾರರ ಮನೆಗೆ ಹೆಣ್ಣು ಕೊಡುತ್ತಿದ್ದರೇ? ಉತ್ತರ ನಿಮಗೇ ಗೊತ್ತು. ಮಸೀದಿಯ ಸಾಲಲ್ಲಿ ಸಮಾನರು, ಮದುವೆಯ ಮಾತಿಗೆ ಬಂದಾಗ ಲೆಕ್ಕವೇ ಬೇರೆ. ಇದನ್ನು ನಾವೇ ಬಾಯಿಬಿಟ್ಟು ಹೇಳದಿದ್ದರೆ ಶ್ರೀನಿವಾಸರನ್ನು ಯಾಕೆ ದೂರಬೇಕು?

ಇನ್ನು ಮೊಹರಂ ವಿಷಯ. ಉತ್ತರ ಕರ್ನಾಟಕದಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂರಿಸುತ್ತಾರೆ. ಯಾವ ಕೋಷ್ಟಕದಲ್ಲಿ ಬರೆಯೋದು ಇದನ್ನು?

1931ರ ತನಕ ಸರ್ಕಾರವೂ ಜಾತಿ ಎಣಿಸುತ್ತಿತ್ತು. ಸೈಯದ್, ಶೇಖ್, ಪಠಾಣ್, ಪಿಂಜಾರ ಎಲ್ಲಾ ಬೇರೆಬೇರೆ. 1951ರಿಂದ ಪರಿಶಿಷ್ಟರನ್ನು ಬಿಟ್ಟು ಉಳಿದವರ ಜಾತಿ ಲೆಕ್ಕ ನಿಂತಿತು, ಧರ್ಮದ ಕಾಲಂ ಉಳಿಯಿತು. ಇತ್ತ ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪಿಂಜಾರ, ನದಾಫ್ ಪ್ರವರ್ಗ 1ರಲ್ಲಿದ್ದಾರೆ. ಸೀಟಿಗೆ ಅರ್ಜಿ ಹಾಕುವಾಗ ಆ ಹೆಸರು ಬೇಕು, ಉಳಿದ ದಿನ ಮರೆತಿರುತ್ತೇವೆ.

2027ರ ಜನಗಣತಿಯಲ್ಲಿ ಜಾತಿಯನ್ನೂ ಕೇಳುತ್ತಾರೆ. ನೀವು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇದ್ದರೆ ನಿಮ್ಮನ್ನು ಎಣಿಸೋದು ಅಲ್ಲೇ, ಊರಿನ ಸಾಲಿಗೆ ನೀವು ಸೇರೋದಿಲ್ಲ. ಈವರೆಗಿನ ಗಣತಿಗಳಲ್ಲಿ ಹುಟ್ಟಿದ ಸ್ಥಳವನ್ನೂ ಕೇಳುತ್ತಾ ಬಂದಿದ್ದಾರೆ. ಬಾಗಿಲು ತಟ್ಟುವ ಮುಂಚೆ ಅಮ್ಮನಿಗೋ ದೊಡ್ಡಪ್ಪನಿಗೋ ಒಂದು ಫೋನ್ ಮಾಡಿ, ಅಜ್ಜ ಏನು ಕಸುಬು ಮಾಡುತ್ತಿದ್ದರು ಅಂತ ಕೇಳಿ ಇಟ್ಟುಕೊಳ್ಳಿ.