ತಪ್ಪು ಉತ್ತರದ ಚರಿತ್ರೆ: ಕಲಿಕೆಯ ಸಿದ್ಧಾಂತಗಳು ಮತ್ತು ವಿಜ್ಞಾನ ಬೋಧನೆ

ಮುಂದೆ ಓದುವ ಮೊದಲು ಒಂದು ಸಣ್ಣ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರಿಸಿಕೊಳ್ಳಿ. ಬೇಸಿಗೆಯಲ್ಲಿ ಸೆಖೆ, ಚಳಿಗಾಲದಲ್ಲಿ ಚಳಿ ಏಕೆ?

ಭೂಮಿಯು ಬೇಸಿಗೆಯಲ್ಲಿ ಸೂರ್ಯನಿಗೆ ಹತ್ತಿರ ಬರುತ್ತದೆ, ಚಳಿಗಾಲದಲ್ಲಿ ದೂರ ಹೋಗುತ್ತದೆ ಎಂಬ ಉತ್ತರ ನಿಮ್ಮ ಮನಸ್ಸಿಗೆ ಬಂದಿದ್ದರೆ ಸಂಕೋಚಪಡಬೇಕಾಗಿಲ್ಲ. 1987ರಲ್ಲಿ ತಯಾರಾದ ಒಂದು ಸಾಕ್ಷ್ಯಚಿತ್ರದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪ್ರದಾನದ ದಿನ ನಿಲುವಂಗಿ ತೊಟ್ಟು ನಿಂತಿದ್ದ ಪದವೀಧರರನ್ನೂ ಅಧ್ಯಾಪಕರನ್ನೂ ಋತುಗಳ ಬಗ್ಗೆ ಅಥವಾ ಚಂದ್ರನ ಕಲೆಗಳ ಬಗ್ಗೆ ಪ್ರಶ್ನಿಸಲಾಯಿತು. 23 ಮಂದಿಯಲ್ಲಿ 21 ಮಂದಿಯ ವಿವರಣೆ ತಪ್ಪಾಗಿತ್ತು. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪ ಇರುವುದು ಜನವರಿಯ ಮೊದಲ ವಾರದಲ್ಲಿ, ಅಂದರೆ ನಾವು ಹೊದಿಕೆ ಎಳೆದುಕೊಳ್ಳುವ ದಿನಗಳಲ್ಲಿ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಓರೆ. ಇದನ್ನು ಅವರೆಲ್ಲರೂ ಶಾಲೆಯಲ್ಲಿ ಓದಿದ್ದವರೇ, ಅಂಕಗಳನ್ನೂ ಪಡೆದವರೇ. ಹಾಗಾದರೆ ಕಲಿತದ್ದು ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ವಿಜ್ಞಾನ ಬೋಧನೆಯ ಒಂದು ಶತಮಾನದ ಚರಿತ್ರೆ ಎನ್ನಬಹುದು. ಅದರ ಕೇಂದ್ರದಲ್ಲಿರುವುದು ಮಗುವಿನ ತಪ್ಪು ಉತ್ತರ. ಶಿಕ್ಷಕನು ಅದನ್ನು ಹೇಗೆ ಕಾಣುತ್ತಾನೆ ಎಂಬುದು ಅವನು ನಂಬಿದ ಸಿದ್ಧಾಂತವನ್ನು ಅವಲಂಬಿಸಿದೆ, ಆ ಸಿದ್ಧಾಂತದ ಹೆಸರು ಅವನಿಗೆ ಗೊತ್ತಿರಲಿ, ಇಲ್ಲದಿರಲಿ.

ಇಪ್ಪತ್ತನೇ ಶತಮಾನದ ಮೊದಲರ್ಧವನ್ನು ಆಳಿದ್ದು ವರ್ತನವಾದ. 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಅವು ಹೊರಬರುವ ದಾರಿಯನ್ನು ಪ್ರಯತ್ನ ಮತ್ತು ಪ್ರಮಾದದಿಂದ ಕಲಿಯುತ್ತವೆಂದು ತೋರಿಸಿದರು. ಪಾರಿವಾಳಗಳಿಗೆ ಕಾಳು ಕೊಟ್ಟು ಪಾಠ ಕಲಿಸಿದ ಬಿ.ಎಫ್. ಸ್ಕಿನ್ನರ್ 1953ರಲ್ಲಿ ತಮ್ಮ ಮಗಳ ಗಣಿತ ತರಗತಿಯನ್ನು ನೋಡಿ ಬಂದು, ಸರಿಯುತ್ತರಕ್ಕೆ ಕೂಡಲೇ ಮೆಚ್ಚುಗೆ ಸೂಚಿಸುವ ಬೋಧನಾ ಯಂತ್ರವನ್ನೇ ರೂಪಿಸಿದರು. ಈ ದೃಷ್ಟಿಯಲ್ಲಿ ತಪ್ಪು ಉತ್ತರ ಎಂದರೆ ಅಳಿಸಿಹಾಕಬೇಕಾದ ಕಲೆ, ಅಷ್ಟೆ. ನಮ್ಮಲ್ಲಿ ಬಿ.ಎಡ್. ಮಾಡಿದವರಿಗೆ ಪಾಠ ಯೋಜನೆಯ ಆ ವಾಕ್ಯಗಳು ಮರೆತಿರಲಾರವು: ವಿದ್ಯಾರ್ಥಿಯು ಸ್ಮರಿಸಿಕೊಳ್ಳುವನು, ಗುರುತಿಸುವನು, ವರ್ಗೀಕರಿಸುವನು. ವಿದ್ಯಾರ್ಥಿಯು ಏನನ್ನು ತಪ್ಪಾಗಿ ತಿಳಿದುಕೊಂಡು ತರಗತಿಗೆ ಬಂದಿದ್ದಾನೆ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಜಾಗ ಮಾಡಿಕೊಟ್ಟವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. 1896ರಲ್ಲಿ ಜನಿಸಿದ ಇವರು ಯುವಕರಾಗಿದ್ದಾಗ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಗಳ ಕೆಲಸಕ್ಕೆ ನಿಯೋಜಿತರಾಗಿದ್ದರು. ಸರಿಯುತ್ತರಗಳನ್ನು ಎಣಿಸುವ ಬದಲು ಅವರ ಗಮನ ತಪ್ಪು ಉತ್ತರಗಳ ಕಡೆ ಹರಿಯಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪುಗಳನ್ನು ಮಾಡುತ್ತಿದ್ದರು. ಅಗಲ ಲೋಟದ ನೀರನ್ನು ಮಗುವಿನ ಕಣ್ಣೆದುರೇ ಸಪೂರ ಲೋಟಕ್ಕೆ ಸುರಿದರೆ ಐದು ವರ್ಷದ ಮಗು ನೀರು ಹೆಚ್ಚಾಯಿತು ಎನ್ನುತ್ತದೆ. ಇದು ದಡ್ಡತನವಲ್ಲ, ಆ ವಯಸ್ಸಿನ ತರ್ಕ ಎಂದು ಪಿಯಾಜೆ ವಾದಿಸಿದರು. ಮಗು ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ಈ ನೋಟದಿಂದಲೇ ಇಂದು ನಾವು ರಚನಾವಾದ ಎನ್ನುವ ಚಿಂತನೆ ಬೆಳೆಯಿತು. ಅದೇ 1896ರಲ್ಲಿ ಹುಟ್ಟಿ 37ನೇ ವಯಸ್ಸಿನಲ್ಲೇ ತೀರಿಕೊಂಡ ರಷ್ಯಾದ ಲೆವ್ ವೈಗೋಟ್‌ಸ್ಕಿ ಇನ್ನೊಂದು ಮಾತು ಸೇರಿಸಿದ್ದರು. ಮಗು ಒಂಟಿಯಾಗಿ ಕಟ್ಟುವುದಿಲ್ಲ, ಬಲ್ಲವರ ನೆರವಿನಿಂದ ಮತ್ತು ಮಾತಿನ ಮೂಲಕ ಕಟ್ಟುತ್ತದೆ ಎಂಬುದು ಅವರ ಅಭಿಪ್ರಾಯ.

ಇವೆಲ್ಲ ಮನಶ್ಶಾಸ್ತ್ರದ ಪುಸ್ತಕಗಳಲ್ಲೇ ಉಳಿಯುತ್ತಿದ್ದವೇನೋ. ಆದರೆ 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಗಾಬರಿಗೊಂಡು ತನ್ನ ಶಾಲಾ ವಿಜ್ಞಾನದತ್ತ ತಿರುಗಿ ನೋಡಿತು. 1959ರಲ್ಲಿ ವುಡ್ಸ್ ಹೋಲ್ ಎಂಬಲ್ಲಿ ಜೆರೋಮ್ ಬ್ರೂನರ್ ಅವರ ಅಧ್ಯಕ್ಷತೆಯಲ್ಲಿ ವಿಜ್ಞಾನಿಗಳೂ ಶಿಕ್ಷಣ ತಜ್ಞರೂ ಸೇರಿದರು. ಮಕ್ಕಳು ವಿಜ್ಞಾನಿಯಂತೆ ಪ್ರಯೋಗ ಮಾಡಿ ಕಂಡುಹಿಡಿದು ಕಲಿಯಬೇಕು ಎಂಬ ವಿಚಾರಕ್ಕೆ ಬಲ ಬಂತು. 1960ರ ದಶಕದಲ್ಲಿ ಇಂಗ್ಲೆಂಡಿನ ನಫೀಲ್ಡ್ ಯೋಜನೆಯೂ ಇದೇ ಹಾದಿ ಹಿಡಿಯಿತು. ಅವೆಲ್ಲ ಸುಸಜ್ಜಿತ ಪ್ರಯೋಗಾಲಯಗಳಿದ್ದ ದೇಶಗಳು.

ಈ ವಿಚಾರದ ನಿಜವಾದ ಪರೀಕ್ಷೆ ನಡೆದದ್ದು ನಮ್ಮ ದೇಶದ ಹಳ್ಳಿಗಳಲ್ಲಿ ಎಂದು ಹೇಳಿದರೆ ಅತಿಶಯೋಕ್ತಿಯಾಗದು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ (ಇಂದಿನ ನರ್ಮದಾಪುರಂ) 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಬಿಟ್ಟು ಬಂದಿದ್ದ ಅನಿಲ್ ಸದ್ಗೋಪಾಲ್ ಅವರ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಇದರ ಹಿಂದಿದ್ದವು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಕೈಜೋಡಿಸಿದರು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಮುಂದೆ ಅದರ ಹೊಣೆ ಹೊತ್ತಿತು.

ಅಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳು ನಾಲ್ವರ ಗುಂಪುಗಳಲ್ಲಿ ಕುಳಿತು ಪ್ರಯೋಗ ಮಾಡುತ್ತಿದ್ದರು, ಹೊಲಗಳಿಗೆ ಹೋಗಿ ಎಲೆ, ಹುಳು, ಮಣ್ಣು ನೋಡುತ್ತಿದ್ದರು. ‘ಬಾಲ ವೈಜ್ಞಾನಿಕ’ ಎಂಬ ಅವರ ಪುಸ್ತಕದಲ್ಲಿ ಪ್ರಯೋಗದ ಕ್ರಮ ಇತ್ತು, ಪ್ರಶ್ನೆಗಳಿದ್ದವು, ಉತ್ತರಗಳಿರಲಿಲ್ಲ! ಉತ್ತರವನ್ನು ಮಗು ತನ್ನ ಮಾತಿನಲ್ಲಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಶಿಕ್ಷಕರಿಗೂ ರಜೆಯಲ್ಲಿ ತರಬೇತಿ ಇತ್ತು. ಅಲ್ಲಿ ಅವರೂ ಮಕ್ಕಳಂತೆ ಗುಂಪಿನಲ್ಲಿ ಪ್ರಯೋಗ ಮಾಡಿ ವಾದಿಸಬೇಕಿತ್ತು. ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲು ಸವಾಲಿರಾಮ್ ಎಂಬ ಕಲ್ಪಿತ ವ್ಯಕ್ತಿಯೊಬ್ಬನಿದ್ದ, ಮಕ್ಕಳು ಅವನಿಗೆ ಪತ್ರ ಬರೆಯುತ್ತಿದ್ದರು. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜ್ಯಾಮಿತಿಯ ಆಕೃತಿಗಳನ್ನು ಕಟ್ಟುವುದನ್ನು ದೇಶಕ್ಕೇ ಕಲಿಸಿದ ಅರವಿಂದ ಗುಪ್ತಾ ಅವರ ಆಟಿಕೆಗಳ ಪಯಣ ಶುರುವಾದದ್ದು 1970ರ ದಶಕದ ಕೊನೆಯಲ್ಲಿ, ಈ ಕಾರ್ಯಕ್ರಮದಲ್ಲೇ.

ಎಲ್ಲಕ್ಕಿಂತ ಮುಖ್ಯವಾಗಿ ಅವರು ಪರೀಕ್ಷೆಯನ್ನೇ ಬದಲಿಸಿದರು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಜೊತೆಗೆ ಕೈಯಿಂದ ಪ್ರಯೋಗ ಮಾಡಿ ತೋರಿಸಬೇಕಿತ್ತು. ನನ್ನ ದೃಷ್ಟಿಯಲ್ಲಿ ಇದೇ ಆ ಕಾರ್ಯಕ್ರಮದ ಎದೆಗಾರಿಕೆ. ಪಾಠದಲ್ಲಿ ಒಂದು ಸಿದ್ಧಾಂತ, ಪರೀಕ್ಷೆಯಲ್ಲಿ ಇನ್ನೊಂದು ಇದ್ದರೆ ಮಕ್ಕಳೂ ಪಾಲಕರೂ ಪರೀಕ್ಷೆಯ ಸಿದ್ಧಾಂತವನ್ನೇ ನಂಬುತ್ತಾರೆ. ಆದರೆ ಒಂಬತ್ತನೇ ತರಗತಿಗೆ ಕಾಲಿಟ್ಟ ಕೂಡಲೇ ಆ ಮಕ್ಕಳಿಗೆ ಹಳೆಯ ಪರೀಕ್ಷೆಯೇ ಕಾದಿರುತ್ತಿತ್ತು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷಗಳ ಬಳಿಕ ಆ ಶಾಲೆಗಳು ಸಾಮಾನ್ಯ ಪಠ್ಯಕ್ಕೆ ಮರಳಿದವು.

ಇತ್ತ ಇಂಗ್ಲೆಂಡಿನ ರೊಸಾಲಿಂಡ್ ಡ್ರೈವರ್ 1983ರ ತಮ್ಮ ಪುಸ್ತಕದಲ್ಲಿ ಒಂದು ಕಹಿಸತ್ಯವನ್ನು ಮುಂದಿಟ್ಟಿದ್ದರು. ಪ್ರಯೋಗ ಮಾಡಿಸಿದರೆ ಸಾಲದು. ಮಗು ತನ್ನ ಹಳೆಯ ತಿಳಿವಳಿಕೆಯ ಕನ್ನಡಕದಿಂದಲೇ ಪ್ರಯೋಗವನ್ನೂ ನೋಡುತ್ತದೆ. ದೃಷ್ಟಿಯ ವಿಷಯವನ್ನೇ ತೆಗೆದುಕೊಳ್ಳಿ. ಕಣ್ಣಿನಿಂದ ಏನೋ ಹೊರಟು ವಸ್ತುವನ್ನು ತಲುಪುವುದರಿಂದ ನಮಗೆ ಕಾಣುತ್ತದೆ ಎಂದು ಅನೇಕ ಮಕ್ಕಳು ನಂಬಿರುತ್ತಾರೆ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲೂ ಈ ನಂಬಿಕೆ ವ್ಯಾಪಕವಾಗಿದೆಯೆಂದು 2002ರ ಒಂದು ಅಧ್ಯಯನ ತೋರಿಸಿತು. ನಗಬೇಡಿ, ಯೂಕ್ಲಿಡ್ ಮತ್ತು ಟಾಲೆಮಿ ಕೂಡ ಹಾಗೆಯೇ ತಿಳಿದಿದ್ದರು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಥಮ್ 11ನೇ ಶತಮಾನದ ಆರಂಭದಲ್ಲಿ ‘ಕಿತಾಬ್ ಅಲ್-ಮನಾಝಿರ್’ ಬರೆದು ಅದನ್ನು ಅಲ್ಲಗಳೆದರು. ಪ್ರಖರ ಬೆಳಕನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ, ಆದ್ದರಿಂದ ಬೆಳಕೇ ಹೊರಗಿನಿಂದ ಕಣ್ಣಿಗೆ ಬರುತ್ತಿದೆ ಎಂಬ ದಿನನಿತ್ಯದ ಅನುಭವವೂ ಅವರ ವಾದದಲ್ಲಿತ್ತು. ಅವರು ಹಳೆಯ ಅಭಿಪ್ರಾಯವನ್ನು ಬರಿದೇ ತಳ್ಳಿಹಾಕಲಿಲ್ಲ. ಅದು ಏಕೆ ಸಾಲದು ಎಂದು ಒಂದೊಂದಾಗಿ ಪರೀಕ್ಷಿಸಿದರು. 1982ರಲ್ಲಿ ಪೋಸ್ನರ್ ಮತ್ತು ಸಂಗಡಿಗರು ಮಂಡಿಸಿದ ಪರಿಕಲ್ಪನಾ ಬದಲಾವಣೆಯ ಸಿದ್ಧಾಂತವೂ ಇದನ್ನೇ ಬಯಸುತ್ತದೆ: ಹಳೆಯದರಲ್ಲಿ ಅತೃಪ್ತಿ ಹುಟ್ಟದೆ ಹೊಸದು ಬೇರೂರುವುದಿಲ್ಲ.

ಹೋಶಂಗಾಬಾದ್ ಕಾರ್ಯಕ್ರಮಕ್ಕೆ ಆರಂಭದಲ್ಲೇ ಬೆಂಬಲವಾಗಿ ನಿಂತಿದ್ದ ವಿಜ್ಞಾನಿ ಯಶ್‌ಪಾಲ್ ಅವರ ಅಧ್ಯಕ್ಷತೆಯಲ್ಲೇ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೊರಬಂದುದು ಗಮನಾರ್ಹ. ಕಂಠಪಾಠದಿಂದ ದೂರ ಸರಿಯಬೇಕು, ಮಗುವೇ ಜ್ಞಾನವನ್ನು ಕಟ್ಟಿಕೊಳ್ಳಬೇಕು ಎಂಬ ಮಾತುಗಳು ಅಧಿಕೃತವಾದವು. ಮರುವರ್ಷವೇ, 2006ರಲ್ಲಿ, ಕಿರ್ಷ್‌ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಎಂಬ ಸಂಶೋಧಕರು ಎಚ್ಚರಿಕೆಯ ಗಂಟೆ ಬಾರಿಸಿದರು. ಹೊಸದಾಗಿ ಕಲಿಯುವವರನ್ನು ಮಾರ್ಗದರ್ಶನವಿಲ್ಲದೆ ಕಂಡುಹಿಡಿಯಲು ಬಿಟ್ಟರೆ ಅವರ ಕಾರ್ಯಸ್ಮೃತಿಯ ಮೇಲೆ ಹೊರೆ ಬೀಳುತ್ತದೆ, ಕಲಿಕೆ ಕುಂದುತ್ತದೆ ಎಂದರು. ಈ ಮಾತಿನಲ್ಲಿ ಹುರುಳಿದೆ. ಚಟುವಟಿಕೆಯ ಹೆಸರಿನಲ್ಲಿ ಗದ್ದಲ ಎಬ್ಬಿಸಿ ಏನನ್ನೂ ಕಲಿಸದ ತರಗತಿಗಳನ್ನು ನೀವೂ ಕಂಡಿರಬಹುದು. ಆದರೆ ಹೆಚ್ಚು ವಿವರಿಸಿ ಹೇಳುವ ಶಿಕ್ಷಕರಿಗೂ ಮಗುವಿನ ತಲೆಯಲ್ಲಿ ಮೊದಲೇ ಏನಿದೆ ಎಂಬುದು ತಿಳಿದಿರಲೇಬೇಕು. ಇಲ್ಲವಾದರೆ ಹಾರ್ವರ್ಡಿನ ಪದವೀಧರರಿಗೆ ಆದದ್ದೇ ಆಗುತ್ತದೆ. ವಿಪರ್ಯಾಸವೆಂದರೆ, ಇಂದು ನಮ್ಮ ತರಬೇತಿ ವಿದ್ಯಾರ್ಥಿಗಳು ರಚನಾವಾದದ ಲಕ್ಷಣಗಳನ್ನೇ ಕಂಠಪಾಠ ಮಾಡಿ ಬರೆಯುತ್ತಾರೆ.

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಒಂದು ಟಾರ್ಚ್ ಸೆಲ್, ಒಂದು ಸಣ್ಣ ಬಲ್ಬು ಮತ್ತು ಒಂದೇ ಒಂದು ತಂತಿ ಕೊಟ್ಟು ಬಲ್ಬು ಉರಿಸಲು ಹೇಳಿ. 1997ರ ಇನ್ನೊಂದು ಸಾಕ್ಷ್ಯಚಿತ್ರದಲ್ಲಿ ಎಂ.ಐ.ಟಿ.ಯ ಪದವೀಧರರೇ ಇಲ್ಲಿ ಎಡವಿದ್ದರು. ಸೆಲ್ಲಿನ ಒಂದು ತುದಿಯಿಂದ ಬಲ್ಬಿನ ತಳಕ್ಕೆ ತಂತಿ ಮುಟ್ಟಿಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಬಲ್ಬು ಉರಿಯುವುದಿಲ್ಲ. ಆಗ ತಕ್ಷಣ ತಿದ್ದಲು ಹೋಗಬೇಡಿ. ಹಾಗೆ ಮಾಡಿದರೆ ಉರಿಯುತ್ತದೆಂದು ಏಕೆ ಅನ್ನಿಸಿತು ಎಂದು ಮೊದಲು ಕೇಳಿ, ಮಗು ಹೇಳುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಲ್ಬಿನ ಪಕ್ಕದ ಲೋಹದ ಕವಚದ ಕಡೆ ಬೆರಳು ತೋರಿಸುವುದು ಆಮೇಲೆ.